ಜೆ-1 ವೀಸಾ ಬಂದರೆ ಆರೋಗ್ಯ ವಿಮೆಯೂ ಬಂದಂತೆಯೇ? ಅಮೆರಿಕಕ್ಕೆ ಹೊರಟ ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ನಂಬುವ ಕೆಲವು ತಪ್ಪು ಸಂದೇಶಗಳು

ಅಮೆರಿಕದ ಕಾಲೇಜುಗಳಲ್ಲಿ ಆಗಸ್ಟ್ ಸೆಮಿಸ್ಟರ್ ಶುರುವಾಗುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಮೊದಲು, ಹೊರಡುವ ಮಕ್ಕಳ ಮತ್ತು ಅವರ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡುತ್ತವೆ. ವೀಸಾ ಸ್ಟಾಂಪ್ ಆಯಿತೆಂದರೆ ವಿಮೆ ಅದರಲ್ಲೇ ಸೇರಿರುತ್ತದೆ. ಇಲ್ಲಿಂದಲೇ ಐವತ್ತು ಸಾವಿರ ಡಾಲರ್‌ನ ಟ್ರಾವೆಲ್ ಪಾಲಿಸಿ ಮಾಡಿಸಿಕೊಂಡರೆ ಸಾಕು. ತುರ್ತು ಚಿಕಿತ್ಸೆ ಅಲ್ಲಿ ಎಲ್ಲರಿಗೂ ಉಚಿತ. ಜೆ-1ರಲ್ಲಿ ಹೋದರೆ ಎರಡು ವರ್ಷ ಭಾರತದಲ್ಲಿ ಕೂರಲೇಬೇಕು.

ಇವುಗಳಲ್ಲಿ ಕೆಲವು ಪೂರ್ತಿ ತಪ್ಪು. ಕೆಲವು ಹಿಂದೊಮ್ಮೆ ನಿಜವಾಗಿದ್ದವು, ಈಗ ನಿಯಮ ಬದಲಾಗಿದೆ. ಒಂದೊಂದಾಗಿ ನೋಡೋಣ.

ಮೊದಲು, ಜೆ-1 ಎಂದರೆ ಯಾರಿಗೆ?

ಪೂರ್ತಿ ಪದವಿಗಾಗಿ ಸ್ವಂತ ಖರ್ಚಿನಲ್ಲಿ ಹೋಗುವ ಹೆಚ್ಚಿನ ವಿದ್ಯಾರ್ಥಿಗಳಿಗೆ ಸಿಗುವುದು ಎಫ್-1 ವೀಸಾ. ಇಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದು, ಒಪ್ಪಂದದ ಮೇಲೆ ಅಲ್ಲಿನ ಕಾಲೇಜಿಗೆ ಒಂದೆರಡು ಸೆಮಿಸ್ಟರ್ ಹೋಗಿಬರುವವರು, ಫುಲ್‌ಬ್ರೈಟ್‌ನಂಥ ವಿದ್ಯಾರ್ಥಿವೇತನದಲ್ಲಿ ಹೋಗುವವರು, ಇಂಟರ್ನ್‌ಗಳು, ಅತಿಥಿ ಸಂಶೋಧಕರು ಸಾಮಾನ್ಯವಾಗಿ ಜೆ-1ರಲ್ಲಿ ಹೋಗುತ್ತಾರೆ. ಇದು ಅಮೆರಿಕದ ವಿದೇಶಾಂಗ ಇಲಾಖೆಯ ಎಕ್ಸ್‌ಚೇಂಜ್ ವಿಸಿಟರ್ ಕಾರ್ಯಕ್ರಮ. ಇಲಾಖೆಯ ಮಾನ್ಯತೆ ಪಡೆದ ಒಂದು ಸಂಸ್ಥೆ ನಿಮಗೆ ಪ್ರಾಯೋಜಕ, ಅಂದರೆ ಸ್ಪಾನ್ಸರ್ ಆಗಿರಬೇಕು. ಬಹಳ ಸಲ ಅದು ನೀವು ಹೋಗುವ ವಿಶ್ವವಿದ್ಯಾಲಯವೇ ಆಗಿರುತ್ತದೆ.

ಸ್ಪಾನ್ಸರ್ ಕೊಡುವ ಡಿಎಸ್-2019 ಎಂಬ ದಾಖಲೆಯಿಂದಲೇ ಎಲ್ಲವೂ ಆರಂಭ. ಅದು ಬಂದ ಮೇಲೆ ಸೆವಿಸ್ ಶುಲ್ಕ 220 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಕಟ್ಟಿ ಸಂದರ್ಶನಕ್ಕೆ ಹೋಗಬೇಕು. ಸರ್ಕಾರಿ ಪ್ರಾಯೋಜಿತ ಕೆಲವು ಕಾರ್ಯಕ್ರಮಗಳಿಗೆ ಶುಲ್ಕದಲ್ಲಿ ವಿನಾಯಿತಿ ಇದೆ. ಅಂದಹಾಗೆ, ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ 'ಇನ್ನು ಚೆನ್ನೈಗೆ ಹೋಗುವ ಕೆಲಸವಿಲ್ಲ' ಎಂದು ಹಲವರು ಹಂಚಿಕೊಂಡಿದ್ದರು. ಆದರೆ ಉದ್ಘಾಟನೆಯ ಜೊತೆಗೇ ವೀಸಾ ಸೇವೆ ಶುರುವಾಗಲಿಲ್ಲ. ಅಪಾಯಿಂಟ್‌ಮೆಂಟ್ ಪತ್ರದಲ್ಲಿ ಯಾವ ಊರು ಇದೆಯೋ ಅಲ್ಲಿಗೇ ಹೋಗಿ.

ವೀಸಾದೊಳಗೆ ವಿಮೆ ಇಲ್ಲ

ಸಂದರ್ಶನದಲ್ಲಿ ಅಧಿಕಾರಿ ನಿಮ್ಮ ಓದು, ಹಣದ ವ್ಯವಸ್ಥೆ, ಮರಳಿ ಬರುವ ಉದ್ದೇಶ ಇವನ್ನು ನೋಡುತ್ತಾರೆ. ವಿಮಾ ಪಾಲಿಸಿಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಗೊಂದಲ ಹುಟ್ಟುವುದು ಇಲ್ಲೇ. ಯುರೋಪಿನ ಶೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗಲೇ ಕನಿಷ್ಠ 30,000 ಯೂರೋ ವಿಮೆಯ ಪ್ರಮಾಣಪತ್ರ ಇಡಬೇಕು. ಅಮೆರಿಕದಲ್ಲಿ ಹಾಗಿಲ್ಲ. ಕೇಳಲಿಲ್ಲ ಎಂದ ಮಾತ್ರಕ್ಕೆ ಬೇಡ ಎಂದು ಅರ್ಥವಲ್ಲ. ಜೆ-1ರಲ್ಲಿ ಹೋದವರಿಗೆ, ಮತ್ತು ಜೆ-2ರಲ್ಲಿ ಜೊತೆಗೆ ಹೋದ ಗಂಡ, ಹೆಂಡತಿ, ಮಕ್ಕಳಿಗೆ, ಕಾರ್ಯಕ್ರಮದ ಇಡೀ ಅವಧಿಗೆ ವಿಮೆ ಇರಲೇಬೇಕೆಂದು ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತದೆ. ಅದನ್ನು ನೋಡಿಕೊಳ್ಳುವ ಹೊಣೆ ಸ್ಪಾನ್ಸರ್‌ನದು.

ಬೇಕೆಂದೇ ವಿಮೆ ಇಟ್ಟುಕೊಳ್ಳದವರ ಕಾರ್ಯಕ್ರಮವನ್ನು ಸ್ಪಾನ್ಸರ್ ಕೊನೆಗೊಳಿಸಲೇಬೇಕು. ಇದು ಅವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕಾರ್ಯಕ್ರಮ ಕೊನೆಗೊಂಡರೆ ಅಲ್ಲಿರುವ ಹಕ್ಕೂ ಹೋಗುತ್ತದೆ, ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಇನ್ನೂ ಆರು ತಿಂಗಳಿಗೆ ಇದ್ದರೂ ಅಷ್ಟೇ. 'ಎರಡು ತಿಂಗಳು ಪ್ರೀಮಿಯಂ ಉಳಿಸೋಣ' ಎಂಬ ಸಲಹೆ ಕೊಡುವ ಸೀನಿಯರ್‌ಗಳಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಎಫ್-1ರ ಕಥೆ ಬೇರೆ. ಅವರಿಗೆ ಕೇಂದ್ರದ ಇಂಥ ನಿಯಮವಿಲ್ಲ. ಆದರೆ ಹೆಚ್ಚಿನ ವಿಶ್ವವಿದ್ಯಾಲಯಗಳು ತಾವೇ ವಿಮೆಯನ್ನು ಕಡ್ಡಾಯ ಮಾಡಿವೆ. ಆದ್ದರಿಂದ ಎಫ್-1ರಲ್ಲಿ ಹೋದ ಅಣ್ಣನ ಅನುಭವವನ್ನು ಜೆ-1ರಲ್ಲಿ ಹೊರಟ ತಂಗಿಗೆ ಹಾಗೇ ಅನ್ವಯಿಸಬೇಡಿ.

ಐವತ್ತು ಸಾವಿರ ಡಾಲರ್ ಎಲ್ಲಿಂದ ಬಂತು?

ಈ ಅಂಕಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಮೊದಲು ಜೆ-1ಕ್ಕೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 50,000 ಡಾಲರ್ ರಕ್ಷಣೆ ಸಾಕಿತ್ತು. 2015ರ ಮೇ ತಿಂಗಳಿಂದ ಅದು ಬದಲಾಯಿತು. ಆದರೂ ಹಳೆಯ ಅಂಕಿ ಇರುವ ಸಂದೇಶಗಳು ಇಂದಿಗೂ ಹೊಸ ಮಾಹಿತಿಯಂತೆ ಬರುತ್ತಿವೆ.

ಈಗಿನ ಕನಿಷ್ಠ ಮಟ್ಟ ಹೀಗಿದೆ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್. ವೈದ್ಯಕೀಯ ಕಾರಣಕ್ಕೆ ಸ್ವದೇಶಕ್ಕೆ ಸಾಗಿಸುವ ವೆಚ್ಚಕ್ಕೆ 50,000 ಡಾಲರ್. ಅಲ್ಲೇ ಸಾವು ಸಂಭವಿಸಿದರೆ ಪಾರ್ಥಿವ ಶರೀರವನ್ನು ಊರಿಗೆ ಕಳಿಸಲು 25,000 ಡಾಲರ್. ಪ್ರತಿ ಕಾಯಿಲೆಗೆ ನೀವು ಮೊದಲು ಕೈಯಿಂದ ಕಟ್ಟುವ ಮೊತ್ತ, ಅಂದರೆ ಡಿಡಕ್ಟಿಬಲ್, 500 ಡಾಲರ್ ಮೀರಬಾರದು.

ಕೊನೆಯ ಪ್ರಯಾಣದ ಸಾಲನ್ನು ಓದಲು ಯಾವ ಅಪ್ಪ-ಅಮ್ಮನಿಗೂ ಮನಸ್ಸಾಗುವುದಿಲ್ಲ. 'ಬಿಡ್ತು ಅನ್ನಿ' ಎಂದು ಪುಟ ತಿರುಗಿಸುತ್ತಾರೆ. ಆದರೆ ಅಪಘಾತಕ್ಕೀಡಾದ ಭಾರತೀಯ ವಿದ್ಯಾರ್ಥಿಗಳ ಹೆಸರಿನಲ್ಲಿ ಆನ್‌ಲೈನ್ ನಿಧಿ ಸಂಗ್ರಹದ ಮನವಿಗಳನ್ನು ನಾವೆಲ್ಲ ನೋಡಿದ್ದೇವೆ. ಆ ಸಾಲು ಪಾಲಿಸಿಯಲ್ಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಮೊತ್ತ ಸರಿಯಿದ್ದರೆ ಮುಗಿಯಲಿಲ್ಲ. ವಿಮಾ ಕಂಪನಿಗೂ ನಿಯಮದಲ್ಲಿ ಹೇಳಿದ ಮಟ್ಟದ ರೇಟಿಂಗ್ ಇರಬೇಕು. ಉದಾಹರಣೆಗೆ ಎ.ಎಂ. ಬೆಸ್ಟ್ ಸಂಸ್ಥೆಯಿಂದ 'ಎ ಮೈನಸ್' ಅಥವಾ ಅದಕ್ಕಿಂತ ಮೇಲಿನದು. ಇಲ್ಲಿ ಕೊಂಡ ಟ್ರಾವೆಲ್ ಪಾಲಿಸಿ ಮೊತ್ತದಲ್ಲಿ ಪಾಸಾಗಿ ಇಲ್ಲಿ ನಪಾಸಾಗಬಹುದು. ಹಣ ಕಟ್ಟುವ ಮೊದಲು ಪಾಲಿಸಿಯ ವಿವರವನ್ನು ಸ್ಪಾನ್ಸರ್‌ಗೆ ಇಮೇಲ್ ಮಾಡಿ, 'ಇದು ಜೆ-1 ನಿಯಮಕ್ಕೆ ಹೊಂದುತ್ತದೆಯೇ' ಎಂದು ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಏಜೆಂಟ್ ಫೋನಿನಲ್ಲಿ 'ನಡೆಯುತ್ತೆ ಸರ್' ಎಂದದ್ದು ಲೆಕ್ಕಕ್ಕಿಲ್ಲ.

ಮನೆಯ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಅಲ್ಲಿ ನಡೆಯುತ್ತದೆಯೇ? ಸಾಮಾನ್ಯ ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಆಯುಷ್ಮಾನ್ ಕಾರ್ಡೂ ಅಷ್ಟೇ.

ನಿಯಮಕ್ಕೆ ಸಾಕು, ಜೇಬಿಗೆ ಸಾಕೇ?

ನಮ್ಮ ಪ್ರಕಾರ ಹೆಚ್ಚು ಜನ ಎಡವುವುದು ಇಲ್ಲಿ. ನಿಯಮ ಹೇಳುವುದು ಕನಿಷ್ಠವನ್ನು. ಡಿಡಕ್ಟಿಬಲ್ ಕಳೆದ ಮೇಲೂ ಬಿಲ್ಲಿನ 25 ಪ್ರತಿಶತದವರೆಗೆ ನಿಮ್ಮಿಂದಲೇ ಕಟ್ಟಿಸಲು ಅದು ಅವಕಾಶ ಕೊಡುತ್ತದೆ. ಇದಕ್ಕೆ ಕೋ-ಇನ್ಶೂರೆನ್ಸ್ ಎನ್ನುತ್ತಾರೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡಿ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ 20,000 ಡಾಲರ್ ಬಿಲ್ ಬಂತು ಎಂದುಕೊಳ್ಳಿ. ಮೊದಲ 500 ಡಾಲರ್ ನಿಮ್ಮದು. ಉಳಿದ 19,500ರಲ್ಲಿ ಕಾಲು ಭಾಗ, ಅಂದರೆ 4,875 ಡಾಲರ್ ಕೂಡ ನಿಮ್ಮದು. ಒಟ್ಟು 5,375 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ನಾಲ್ಕೂವರೆ ಲಕ್ಷ ದಾಟಿತು. ನಿಯಮ ಪಾಲಿಸಿದ ಪಾಲಿಸಿ ಇದ್ದೂ ಹೀಗೆ! ಒಂದೇ ಕಾಯಿಲೆಯ ಬಿಲ್ ಒಂದು ಲಕ್ಷ ಡಾಲರ್ ಮೀರಿದರೆ, ಕನಿಷ್ಠ ಮಟ್ಟದ ಪಾಲಿಸಿ ಅಲ್ಲಿಗೆ ಕೈಚೆಲ್ಲುತ್ತದೆ.

ಮೊದಲೇ ಇದ್ದ ಕಾಯಿಲೆಗೂ ಇಂಥದೇ ತೊಡಕು. ಆಸ್ತಮಾ, ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದರೆ ಚಿಕಿತ್ಸೆಯ ವೆಚ್ಚ ಸಿಗಲು ಕಾಯುವ ಅವಧಿ ಹಾಕುವುದಕ್ಕೆ ನಿಯಮ ಒಪ್ಪುತ್ತದೆ. ಒಂದೇ ಸೆಮಿಸ್ಟರ್‌ಗೆ ಹೋಗುವವರಿಗೆ ಆ ಅವಧಿ ಮುಗಿಯುವ ಹೊತ್ತಿಗೆ ಮರಳುವ ವಿಮಾನ ಸಿದ್ಧವಾಗಿರಬಹುದು. ಮಾನಸಿಕ ಆರೋಗ್ಯ, ಗರ್ಭಧಾರಣೆ, ಆಟದಲ್ಲಿ ಆದ ಗಾಯ, ಮದ್ಯ ಸೇವಿಸಿದಾಗ ಆದ ಅಪಘಾತ ಇವನ್ನು ಅಗ್ಗದ ಪ್ಲಾನ್‌ಗಳು ಹೊರಗಿಡುವುದುಂಟು. ಹಲ್ಲಿನದಂತೂ ಬೇರೆಯೇ ಲೋಕ. ಹಲ್ಲು ನೋವಿದ್ದರೆ ಇಲ್ಲೇ ತೋರಿಸಿಕೊಂಡು ಹೋಗಿ, ಬುದ್ಧಿಹಲ್ಲು ಕಾಟ ಕೊಡುತ್ತಿದ್ದರೆ ಇನ್ನೂ ಬೇಗ.

ವಿಶ್ವವಿದ್ಯಾಲಯದ ಪ್ಲಾನ್ ದುಬಾರಿ ಎಂದು ಎಲ್ಲರೂ ದೂರುತ್ತಾರೆ. ದುಬಾರಿಯೇ. ಆದರೆ ಅಮೆರಿಕದ 2010ರ ಆರೋಗ್ಯ ವಿಮಾ ಕಾಯ್ದೆಗೆ ಒಳಪಟ್ಟ ವಿದ್ಯಾರ್ಥಿ ಪ್ಲಾನ್‌ಗಳು ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುವಂತಿಲ್ಲ, ವರ್ಷದಲ್ಲಿ ನಿಮ್ಮ ಜೇಬಿನಿಂದ ಹೋಗುವ ಹಣಕ್ಕೂ ಅವುಗಳಲ್ಲಿ ಒಂದು ಮೇಲ್ಮಿತಿ ಇರುತ್ತದೆ. ಪ್ರೀಮಿಯಂ ಮಾತ್ರ ಹೋಲಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಬೇರೆ ಪಾಲಿಸಿ ಇದ್ದರೆ ಕಾಲೇಜಿನದನ್ನು ಬಿಡಲು ಹಲವು ಕಡೆ ಅವಕಾಶವಿದೆ. ಅದಕ್ಕೆ ವೇವರ್ ಅರ್ಜಿ ಹಾಕಬೇಕು, ಕೊನೆಯ ದಿನಾಂಕ ತಪ್ಪಿದರೆ ಪ್ರೀಮಿಯಂ ನೇರ ನಿಮ್ಮ ಶುಲ್ಕದ ಬಿಲ್ಲಿಗೆ ಸೇರುತ್ತದೆ. ಆಮೇಲೆ ಎರಡೆರಡು ವಿಮೆಗೆ ಹಣ ಕಟ್ಟುತ್ತಾ ಕೂರಬೇಕು.

ತುರ್ತು ಚಿಕಿತ್ಸೆ 'ಉಚಿತ' ಎಂಬ ಅರ್ಧಸತ್ಯ

1986ರ ಎಮ್ಟಾಲಾ ಎಂಬ ಕಾನೂನಿನ ಪ್ರಕಾರ, ಸರ್ಕಾರದ ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳ ತುರ್ತು ವಿಭಾಗಗಳು ಬಂದ ಯಾರನ್ನೂ ಹಣವಿಲ್ಲವೆಂದು ವಾಪಸು ಕಳಿಸುವಂತಿಲ್ಲ. ಪರೀಕ್ಷಿಸಬೇಕು, ಸ್ಥಿತಿ ಸ್ಥಿರವಾಗುವಷ್ಟು ಚಿಕಿತ್ಸೆ ಕೊಡಬೇಕು. ಇಷ್ಟು ನಿಜ. ಬಿಲ್ ಕೊಡಬಾರದು ಎಂದು ಮಾತ್ರ ಆ ಕಾನೂನು ಎಲ್ಲೂ ಹೇಳಿಲ್ಲ. ಬಿಲ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಆಸ್ಪತ್ರೆಯದು ಒಂದು, ವೈದ್ಯರದು ಇನ್ನೊಂದು, ಆಂಬುಲೆನ್ಸ್‌ನದು ಮತ್ತೊಂದು ಆಗಿರಬಹುದು.

ಜೀವಕ್ಕೆ ಅಪಾಯವಿದ್ದರೆ ಹಣದ ಯೋಚನೆ ಬಿಟ್ಟು 911ಕ್ಕೆ ಕರೆ ಮಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ, ಗಂಟಲು ನೋವು, ಉಳುಕಿದ ಕಾಲಿಗೆ ತುರ್ತು ವಿಭಾಗ ಬೇಡ. ಮೊದಲು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರ, ಅದು ಮುಚ್ಚಿದ್ದರೆ ನಿಮ್ಮ ವಿಮೆಯ ನೆಟ್‌ವರ್ಕ್‌ನಲ್ಲಿರುವ ಅರ್ಜೆಂಟ್ ಕೇರ್ ಕ್ಲಿನಿಕ್. ನೆಟ್‌ವರ್ಕ್ ಹೊರಗಿನ ಕಡೆ ಹೋದರೆ ನಿಮ್ಮ ಪಾಲು ಏರುತ್ತದೆ. ಬಿಲ್ಲಿಗೆ ಹೆದರಿ ಹೊಟ್ಟೆನೋವನ್ನು ಮೂರು ದಿನ ನುಂಗಿಕೊಂಡು, ಕೊನೆಗೆ ಅಪೆಂಡಿಕ್ಸ್ ಒಡೆದ ಮೇಲೆ ಹೋದರೆ ಪ್ರಾಣಕ್ಕೂ ಅಪಾಯ, ಬಿಲ್ಲೂ ದೊಡ್ಡದು.

ಲಸಿಕೆ ಮತ್ತು ಟಿಬಿ ಪರೀಕ್ಷೆ

'ವೀಸಾಕ್ಕೆ ಮೆಡಿಕಲ್ ಕಡ್ಡಾಯ' ಎಂಬ ಸಂದೇಶ ವಲಸೆ ವೀಸಾದವರಿಗೆ ಸರಿ. ಜೆ-1ಕ್ಕೆ ಸಾಮಾನ್ಯವಾಗಿ ಆ ಪರೀಕ್ಷೆ ಇಲ್ಲ. ಕೇಳುವುದು ವಿಶ್ವವಿದ್ಯಾಲಯ. ಹೆಚ್ಚಾಗಿ ಅವರು ಬಯಸುವುದು ಎಂಎಂಆರ್ ಲಸಿಕೆಯ ಎರಡು ಡೋಸ್‌ನ ದಾಖಲೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾದ ಎಂಆರ್ ಲಸಿಕೆ. ಕರ್ನಾಟಕದ ಶಾಲೆಗಳಲ್ಲಿ 2017ರ ಫೆಬ್ರವರಿಯಲ್ಲಿ ಅಭಿಯಾನವಾಗಿ ಹಾಕಿದ್ದೂ ಅದೇ. ಅದರಲ್ಲಿ ಮಂಗಬಾವು, ಅಂದರೆ ಮಂಪ್ಸ್ ಸೇರಿಲ್ಲ. ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕಾದ್ದರಿಂದ ಹೊರಡುವ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ.

ಟಿಬಿ ವಿಷಯದಲ್ಲಿ ಒಂದು ಅನವಶ್ಯಕ ಗಾಬರಿ ಇದೆ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ, ಸೋಂಕು ಇಲ್ಲದಿದ್ದರೂ, ಪಾಸಿಟಿವ್ ತೋರಿಸಬಹುದು. ಆಗ 'ನನಗೆ ಟಿಬಿ, ವೀಸಾ ಹೋಯಿತು' ಎಂದು ಅಳಬೇಕಿಲ್ಲ. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿಯ ಗೊಂದಲವಿಲ್ಲ, ಅದನ್ನೇ ಕೇಳಿ. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್-ರೇ ಮಾಡುತ್ತಾರೆ. ಸುಪ್ತ ಸೋಂಕು ಇದ್ದವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಅದಕ್ಕೆ ಔಷಧವೂ ಇದೆ.

ಎರಡು ವರ್ಷದ ನಿಯಮ

ಕೆಲವು ಜೆ-1 ಪ್ರವಾಸಿಗರು ಕಾರ್ಯಕ್ರಮದ ನಂತರ ಎರಡು ವರ್ಷ ತಾಯ್ನಾಡಿನಲ್ಲಿ ಕಳೆಯದೆ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಪಡೆಯುವಂತಿಲ್ಲ. ಭಾರತದ ಬಹಳಷ್ಟು ಮಂದಿ ಇದರಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು 'ಸ್ಕಿಲ್ಸ್ ಲಿಸ್ಟ್' ಎಂಬ ಪಟ್ಟಿಯ ಕಾರಣಕ್ಕೆ. 2024ರ ಡಿಸೆಂಬರ್ 9ರಂದು ಜಾರಿಗೆ ಬಂದ ಪರಿಷ್ಕೃತ ಪಟ್ಟಿಯಿಂದ ಭಾರತವನ್ನು ಕೈಬಿಡಲಾಗಿದೆ, ಮೊದಲೇ ಹೋಗಿದ್ದವರಿಗೂ ಇದು ಅನ್ವಯಿಸುತ್ತದೆ. ಹಾಗೆಂದು ಎಲ್ಲರೂ ಮುಕ್ತರಲ್ಲ. ಅಮೆರಿಕ ಅಥವಾ ಭಾರತ ಸರ್ಕಾರದ ಹಣದಲ್ಲಿ ಹೋದವರಿಗೆ, ಅಂದರೆ ಫುಲ್‌ಬ್ರೈಟ್‌ನವರಿಗೆ, ಮತ್ತು ವೈದ್ಯಕೀಯ ರೆಸಿಡೆನ್ಸಿಗೆ ಹೋದ ಡಾಕ್ಟರುಗಳಿಗೆ ಎರಡು ವರ್ಷದ ನಿಯಮ ಹಾಗೇ ಇದೆ.

ಇನ್ನು ವಾಪಸು ಬರುವಾಗ. ಕಾರ್ಯಕ್ರಮ ಮುಗಿದ ಮೇಲೆ ಜೆ-1ರವರಿಗೆ ದೇಶ ಸುತ್ತಿ ಹೊರಡಲು 30 ದಿನ ಸಿಗುತ್ತದೆ. ವಿಮೆ ಬಹುತೇಕ ಡಿಎಸ್-2019ರಲ್ಲಿರುವ ಕೊನೆಯ ದಿನಕ್ಕೇ ಮುಗಿದಿರುತ್ತದೆ. ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಡುವ ಆ ವಾರಗಳಲ್ಲಿ ಕೈಯಲ್ಲಿ ಪಾಲಿಸಿ ಇರುವುದಿಲ್ಲ. ಒಂದು ತಿಂಗಳಿಗೆ ಮುಂದುವರಿಸಲು ಬರುತ್ತದೆಯೇ ಎಂದು ಅವಧಿ ಮುಗಿಯುವ ಮೊದಲೇ ಕೇಳಿ, ಎಷ್ಟೋ ಕಂಪನಿಗಳು ಮುಗಿದ ಮೇಲೆ ವಿಸ್ತರಿಸುವುದಿಲ್ಲ.