ಹಳೆಯ ರೇಸಿಂಗ್ ಸೈಕಲ್‌ಗಳ ಬ್ರೇಕು ಮತ್ತು ಅದರ ರಬ್ಬರು

ಸೈಕಲ್ಲಿನಲ್ಲಿ ಬಹುಕಾಲ ಬಾಳುವುದು ಲೋಹ, ಬೇಗ ಸಾಯುವುದು ರಬ್ಬರು. ಐವತ್ತು ಅರವತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ ತಯಾರಾದ ರೇಸಿಂಗ್ ಸೈಕಲ್‌ಗಳ ಬ್ರೇಕಿನ ತೋಳುಗಳನ್ನು ಒರೆಸಿ ಎಣ್ಣೆ ಹಾಕಿದರೆ ಇಂದಿಗೂ ಸರಾಗವಾಗಿ ಆಡುತ್ತವೆ, ಆದರೆ ಆ ತೋಳುಗಳ ತುದಿಯಲ್ಲಿರುವ ಬ್ರೇಕ್ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ, ಹೊಳಪೇರಿ, ರಿಮ್ಮನ್ನು ಹಿಡಿಯುವ ಬದಲು ಅದರ ಮೇಲೆ ಜಾರುತ್ತದೆ. ಹೊಸ ರಬ್ಬರು ಹಾಕಬೇಕೆಂದಾಗ ಮೊದಲು ಏಳುವ ಪ್ರಶ್ನೆ, ಇದು ಯಾವ ಕಂಪನಿಯ ಬ್ರೇಕು ಎಂಬುದು. ಆದರೆ ರಬ್ಬರು ಕೂರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ತೋಳಿನ ಮೇಲೆ ಕೆತ್ತಿದ ಹೆಸರಲ್ಲ. ರಬ್ಬರನ್ನು ತೋಳು ಹಿಡಿದುಕೊಂಡಿರುವ ರೀತಿ, ಮತ್ತು ಆ ರೀತಿಗೆ ಅದರದೇ ಆದ ಚರಿತ್ರೆಯಿದೆ.

ನಮ್ಮ ಊರುಗಳಲ್ಲಿ ತಲೆಮಾರುಗಳ ಕಾಲ ಓಡಿದ ಕಪ್ಪು ಸೈಕಲ್ಲಿನದು ರಾಡ್ ಬ್ರೇಕು. ಅದರಲ್ಲಿ ಉಕ್ಕಿನ ಸರಳುಗಳು ರಬ್ಬರನ್ನು ಮೇಲಕ್ಕೆಳೆದು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳು ಕೂಡುವ ಬದಿಗೆ ಒತ್ತುತ್ತವೆ. ರೇಸಿಂಗ್ ಸೈಕಲ್ಲಿನ ಕ್ಯಾಲಿಪರ್ ಬ್ರೇಕಾದರೋ ಇಕ್ಕಳದಂತೆ ರಿಮ್ಮನ್ನು ಎರಡು ಪಕ್ಕಗಳಿಂದ ಹಿಡಿಯುತ್ತದೆ. ಕೊಳವೆಯೊಳಗೆ ಜಾರುವ ತಂತಿಯ ಮೂಲಕ ಎಳೆತವನ್ನು ಬಾಗಿದ ದಾರಿಯಲ್ಲೂ ಸಾಗಿಸಬಹುದೆಂಬ ಉಪಾಯಕ್ಕೆ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದನು. ಕೇಬಲ್ಲಿನಿಂದ ಎಳೆಯುವ ಕ್ಯಾಲಿಪರ್ ನಿಂತಿರುವುದು ಆ ಉಪಾಯದ ಮೇಲೆಯೇ. ಎರಡು ಬಗೆಯ ಬ್ರೇಕುಗಳ ರಬ್ಬರುಗಳು ಒಂದಕ್ಕೊಂದು ಒಗ್ಗುವುದಿಲ್ಲ.

ಎರಡನೆಯ ಮಹಾಯುದ್ಧದ ನಂತರದ ಕಾಲದಲ್ಲಿ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಗಳಿಸಿದ್ದು ಮಾಫಾಕ್. ಮಿಶೆಲಿನ್ ಟೈರುಗಳಿಗೂ ತವರಾದ ಫ್ರಾನ್ಸಿನ ಕ್ಲೆರ್ಮೋನ್-ಫೆರಾನ್ ಪಟ್ಟಣದಲ್ಲಿ ಈ ಕಾರ್ಖಾನೆಯಿತ್ತು. 1950ರ ದಶಕದ ಮೊದಲ ವರ್ಷಗಳಲ್ಲಿ ಬಂದ ಇದರ 'ರೇಸರ್' ಬ್ರೇಕು ಸೆಂಟರ್‌ಪುಲ್ ಮಾದರಿಯದು, ಎಂದರೆ ಎಡಬಲದ ಎರಡು ತೋಳುಗಳಿಗೂ ಬೇರೆ ಬೇರೆ ತಿರುಗುಮೊಳೆಗಳಿದ್ದು, ಅವೆರಡನ್ನೂ ಜೋಡಿಸುವ ಒಂದು ಗಿಡ್ಡ ತಂತಿಯನ್ನು ಮುಖ್ಯ ಕೇಬಲ್ಲು ನಡುಮಧ್ಯದಿಂದ ಮೇಲಕ್ಕೆತ್ತುತ್ತದೆ. ಇದರ ಹಳೆಯ ತೋಳುಗಳ ಮೇಲೆ 'ದ್ಯುರಾಲ್ ಫೋರ್ಜೆ' ಎಂಬ ಬರಹ ಕಾಣುತ್ತದೆ. ಅದು ಮಾದರಿಯ ಹೆಸರಲ್ಲ, ಬಡಿದು ರೂಪಿಸಿದ ಡ್ಯುರಾಲ್ಯುಮಿನ್ ಲೋಹ ಎಂಬ ವಿವರಣೆ ಮಾತ್ರ. ಮಾಫಾಕ್‌ನ ನಿಜವಾದ ಗುರುತು ರಬ್ಬರಿನ ಬೆನ್ನಿನಲ್ಲಿದೆ. ಅಲ್ಲಿಂದ ಹೊರಡುವ ಲೋಹದ ಕಡ್ಡಿಗೆ ಥ್ರೆಡ್ ಇರುವುದಿಲ್ಲ, ಅದು ನುಣುಪು. ಆ ಕಡ್ಡಿ ಒಂದು ಬೋಲ್ಟಿನ ತಲೆಯಲ್ಲಿ ಕೊರೆದ ಕಣ್ಣಿನ ಮೂಲಕ ಹಾದುಹೋಗುತ್ತದೆ, ನಟ್ಟು ಬಿಗಿದಾಗ ಆ ಕಣ್ಣು ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. ಇದರಿಂದಾಗಿ ರಬ್ಬರನ್ನು ಒಳಕ್ಕೆ ತಳ್ಳಬಹುದು, ಹೊರಕ್ಕೆ ಎಳೆಯಬಹುದು, ಓರೆಯಾಗಿಯೂ ನಿಲ್ಲಿಸಬಹುದು. ಇಷ್ಟು ಸ್ವಾತಂತ್ರ್ಯ ಕೊಟ್ಟ ವ್ಯವಸ್ಥೆ ಆ ಕಾಲದ ರೇಸಿಂಗ್ ಸೈಕಲ್‌ಗಳಲ್ಲಿ ಅಪರೂಪವಾಗಿತ್ತು. ಮುಖದ ಮೇಲೆ ನಾಲ್ಕು ಅಥವಾ ಐದು ದುಂಡು ಉಬ್ಬುಗಳಿರುವ ಮೂಲ ರಬ್ಬರುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ, ಆದರೆ ಸವಾರಿಗೆ ಬೇಕಾದದ್ದು ಹೊಸ ರಬ್ಬರು. ನುಣುಪು ಕಡ್ಡಿಯ ರಬ್ಬರುಗಳು ಇಂದಿಗೂ ತಯಾರಾಗುತ್ತಿರುವುದರಿಂದ, ಕಡ್ಡಿಯ ದಪ್ಪವನ್ನೂ ಉದ್ದವನ್ನೂ ಅಳೆದು ಕೊಂಡರೆ ಮಾಫಾಕ್ ಬ್ರೇಕಿಗೆ ಮರುಜೀವ ಕೊಡುವುದು ಕಷ್ಟವಲ್ಲ.

ಹೆಸರು ದಾರಿ ತಪ್ಪಿಸುವುದಕ್ಕೆ ವೈನ್‌ಮನ್ ಒಳ್ಳೆಯ ನಿದರ್ಶನ. ಸ್ವಿಟ್ಜರ್ಲೆಂಡಿನ ಈ ಕಂಪನಿಯ ಸೆಂಟರ್‌ಪುಲ್ ಬ್ರೇಕುಗಳು ಅಮೆರಿಕದ ಶ್ವಿನ್ ಸೈಕಲ್‌ಗಳ ಮೇಲೆ 'ಶ್ವಿನ್ ಅಪ್ರೂವ್ಡ್' ಎಂಬ ಮುದ್ರೆ ಹೊತ್ತು ಬಂದವು. ಅದರ ಪರವಾನಗಿ ಪಡೆದು ಜಪಾನಿನ ಡಯಾ-ಕಾಂಪೆ ಕಂಪನಿಯೂ ಅದೇ ಅಚ್ಚಿನ ಬ್ರೇಕುಗಳನ್ನು ತಯಾರಿಸಿತು. ಮೂರು ಹೆಸರುಗಳಿದ್ದರೂ ರಬ್ಬರು ಹಿಡಿಯುವ ಕ್ರಮ ಒಂದೇ: ರಬ್ಬರಿನ ಬೆನ್ನಿನ ಥ್ರೆಡ್ ಇರುವ ಕಡ್ಡಿಯನ್ನು ತೋಳಿನ ಉದ್ದನೆಯ ಸೀಳಿನಲ್ಲಿ ತೂರಿಸಿ ನಟ್ಟಿನಿಂದ ಬಿಗಿಯುವುದು. ತೋಳಿನ ಮೇಲಿರುವ 610, 750 ಎಂಬ ಅಂಕೆಗಳು ತಯಾರಾದ ವರ್ಷವನ್ನಾಗಲಿ ಬೆಲೆಯನ್ನಾಗಲಿ ಹೇಳುವುದಿಲ್ಲ. ಬ್ರೇಕನ್ನು ಫ್ರೇಮಿಗೆ ಕೂರಿಸುವ ಬೋಲ್ಟಿನಿಂದ ಕೆಳಕ್ಕೆ ರಬ್ಬರು ಎಷ್ಟು ದೂರದವರೆಗೆ ಇಳಿಯಬಲ್ಲದೆಂಬುದನ್ನು, ಎಂದರೆ ಸುಮಾರು 61 ಮತ್ತು 75 ಮಿಲಿಮೀಟರ್ ದೂರವನ್ನು ಸೂಚಿಸುತ್ತವೆ.

ಈ ದೂರಕ್ಕೆ ರೀಚ್ ಎನ್ನುತ್ತಾರೆ, ಮತ್ತು ಹಳೆಯ ಸೈಕಲ್ಲಿಗೆ ಹೊಸ ಚಕ್ರ ಹಾಕಿಸುವವರು ಎಡವುವುದು ಇಲ್ಲಿಯೇ. 27 ಇಂಚಿನ ಹಳೆಯ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 630 ಮಿಲಿಮೀಟರ್, ಈಗ ಎಲ್ಲೆಡೆ ಸಿಗುವ 700ಸಿ ರಿಮ್ಮಿನದು 622. ಚಕ್ರ ಬದಲಾದರೆ ರಬ್ಬರು 4 ಮಿಲಿಮೀಟರ್ ಕೆಳಗಿಳಿಯಬೇಕು. ಸೀಳಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಅದು ರಿಮ್ಮಿನ ಅಂಚು ದಾಟಿ ಟೈರನ್ನೇ ಉಜ್ಜಿ ಕತ್ತರಿಸುತ್ತದೆ.

ಇಟಲಿಯ ವಿಚೆನ್ಸಾದ ಕಾಂಪಾನ್ಯೋಲೋ ಕಂಪನಿ ಗೇರಿಗೆ ಜಗತ್ಪ್ರಸಿದ್ಧವಾಗಿದ್ದರೂ 1968ರವರೆಗೆ ಅದಕ್ಕೆ ತನ್ನದೇ ಬ್ರೇಕು ಇರಲಿಲ್ಲ. ಹಾಗಾಗಿ ಅದಕ್ಕಿಂತ ಹಿಂದಿನ ಸೈಕಲ್ಲೊಂದರಲ್ಲಿ ಕಾಂಪಾನ್ಯೋಲೋ ಗೇರಿನ ಜೊತೆ ಮಾಫಾಕ್, ವೈನ್‌ಮನ್ ಅಥವಾ ಇಟಲಿಯದೇ ಆದ ಯೂನಿವರ್ಸಲ್ ಬ್ರೇಕು ಕಂಡರೆ, ಯಾರೋ ಬಿಡಿಭಾಗ ಬದಲಾಯಿಸಿದ್ದಾರೆಂದು ಶಂಕಿಸಬೇಕಾಗಿಲ್ಲ. ಆ ವರ್ಷ ಬಂದ 'ರೆಕಾರ್ಡ್' ಬ್ರೇಕು ಸೈಡ್‌ಪುಲ್ ಮಾದರಿಯದು. ಎರಡು ತೋಳುಗಳೂ ನಡುವಿನ ಒಂದೇ ಬೋಲ್ಟಿನ ಮೇಲೆ ತಿರುಗುತ್ತವೆ, ಕೇಬಲ್ಲು ಪಕ್ಕದಿಂದ ಎಳೆಯುತ್ತದೆ. ಇಂಥ ಇಟಾಲಿಯನ್ ಭಾಗಗಳ ಮೇಲೆ ಕಾಣುವ 'ಬ್ರೆವ್' ಎಂಬ ಅಕ್ಷರಗಳು ತಯಾರಕನ ಹೆಸರಲ್ಲ, ಪೇಟೆಂಟ್ ಎಂಬರ್ಥದ ಪದದ ಸಂಕ್ಷೇಪ. ರೆಕಾರ್ಡ್‌ನಲ್ಲಿ ರಬ್ಬರು ಪ್ರತ್ಯೇಕ ತುಂಡು, ಅದು ಲೋಹದ ಗೂಡೊಂದರೊಳಗೆ ಜಾರಿ ಕೂರುತ್ತದೆ. ಆ ಗೂಡಿನ ಒಂದು ತುದಿ ಮುಚ್ಚಿದೆ, ಇನ್ನೊಂದು ತೆರೆದಿದೆ. ಮುಚ್ಚಿದ ತುದಿ ಯಾವಾಗಲೂ ಸೈಕಲ್ಲಿನ ಮುಂದಿನ ದಿಕ್ಕಿಗಿರಬೇಕು, ಏಕೆಂದರೆ ಬ್ರೇಕು ಹಿಡಿದಾಗ ತಿರುಗುವ ರಿಮ್ಮು ರಬ್ಬರನ್ನು ತನ್ನೊಂದಿಗೆ ಮುಂದಕ್ಕೆ ಎಳೆಯುತ್ತದೆ. ತೆರೆದ ತುದಿ ಮುಂದಿದ್ದರೆ ಇಳಿಜಾರಿನಲ್ಲಿ ರಬ್ಬರು ಗೂಡಿನಿಂದ ಹಾರಿಹೋಗುತ್ತದೆ, ಸವಾರನ ಕೈಯಲ್ಲಿ ಬ್ರೇಕಿನ ಹಿಡಿಯಷ್ಟೇ ಉಳಿಯುತ್ತದೆ. ಈ ಗೂಡಿಗೆ ಒಪ್ಪುವ ರಬ್ಬರಿನ ತುಂಡುಗಳನ್ನು ಅಮೆರಿಕದ ಕೂಲ್-ಸ್ಟಾಪ್ ಕಂಪನಿ ತಯಾರಿಸುತ್ತದೆ. ಶಿಮಾನೊ ಬ್ರೇಕಿಗೆಂದು ಮಾಡಿದ, ಸಣ್ಣ ಸ್ಕ್ರೂವಿನಿಂದ ಬಿಗಿಯುವ ಈಗಿನ ತುಂಡುಗಳು ಇದರಲ್ಲಿ ಕೂರುವುದಿಲ್ಲ. ಅವು ಬೇಕೆಂದರೆ ಗೂಡು ಸಮೇತ ಬದಲಾಯಿಸಬೇಕು.

ರಿಮ್ಮಿನ ಲೋಹವನ್ನೂ ಗಮನಿಸಲೇಬೇಕು. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಮಾಮೂಲಿ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲವಾದ್ದರಿಂದ ಅದಕ್ಕೆಂದೇ ಚರ್ಮದ ಮುಖವಿರುವ ಬ್ರೇಕ್ ರಬ್ಬರುಗಳು ಬಂದವು. ಅಲ್ಯೂಮಿನಿಯಂ ರಿಮ್ಮಿಗೆ ಮೆದುವಾದ ರಬ್ಬರೇ ಸರಿ, ಮಳೆ ಹೆಚ್ಚಿರುವ ಕಡೆ ಕೂಲ್-ಸ್ಟಾಪ್‌ನ ಕೆಂಪು ಛಾಯೆಯ ರಬ್ಬರು ಹೆಚ್ಚು ನಂಬಿಕೆಗೆ ಅರ್ಹ. ಕೀರಲು ಸದ್ದು ಬರದಿರಲು ರಬ್ಬರಿನ ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ರಿಮ್ಮಿಗೆ ತಾಗಬೇಕು. ಹಿಂದೆ ಮೆಕ್ಯಾನಿಕ್ಕುಗಳು ಇದಕ್ಕಾಗಿ ತೋಳನ್ನೇ ಸ್ಪ್ಯಾನರಿನಿಂದ ತಿರುಚುತ್ತಿದ್ದರು. ವಯಸ್ಸಾದ ಅಲ್ಯೂಮಿನಿಯಂ ಬಿರುಕು ಬಿಡುವ ಅಪಾಯವಿರುವುದರಿಂದ ಈಗ ಆ ಪದ್ಧತಿ ಸಲ್ಲದು. ಬಟ್ಟಲಿನಾಕಾರದ ವಾಷರುಗಳಿರುವ ಹೊಸ ರಬ್ಬರುಗಳನ್ನು ಬೇಕಾದಷ್ಟು ಓರೆ ಮಾಡಿ ಬಿಗಿಯಬಹುದು.

ಇಟಲಿಯ ಗಾಯೋಲೆ ಇನ್ ಕಿಯಾಂತಿಯಲ್ಲಿ 1997ರಲ್ಲಿ ಆರಂಭವಾದ 'ಎರೋಯಿಕಾ' ಸವಾರಿಯಲ್ಲಿ 1987ಕ್ಕೆ ಮೊದಲು ತಯಾರಾದ ರೇಸಿಂಗ್ ಸೈಕಲ್‌ಗಳಿಗೆ ಪ್ರವೇಶವಿದೆ, ಅವುಗಳ ಬ್ರೇಕ್ ಕೇಬಲ್ಲು ಹ್ಯಾಂಡಲ್ಲಿನ ಪಟ್ಟಿಯ ಹೊರಗೇ ಹಾದುಹೋಗಬೇಕೆಂಬ ನಿಯಮವೂ ಇದೆ. ಹೀಗಾಗಿ ಈ ಬ್ರೇಕುಗಳು ಗಾಜಿನ ಕಪಾಟಿನಲ್ಲಿಡುವ ವಸ್ತುಗಳಲ್ಲ, ಇಂದಿಗೂ ಇಳಿಜಾರಿನಲ್ಲಿ ಜೀವ ಕಾಯಬೇಕಾದವು. ಹಳೆಯ ಸೈಕಲ್ಲೊಂದು ಕೈಗೆ ಬಂದವರು ಸತ್ತ ರಬ್ಬರನ್ನು ಕಿತ್ತೆಸೆಯುವಾಗ ಅದನ್ನು ಹಿಡಿದಿದ್ದ ಗೂಡು, ಕಣ್ಣಿನ ಬೋಲ್ಟು, ವಾಷರು ಮತ್ತು ನಟ್ಟುಗಳನ್ನು ಜೊತೆಗೇ ಎಸೆಯಬಾರದು. ಹೊಸ ರಬ್ಬರು ಕೊಂಡರೆ ಸಿಗುತ್ತದೆ, ಕಾರ್ಖಾನೆ ಮುಚ್ಚಿಹೋದ ಬ್ರೇಕಿನ ಆ ಲೋಹದ ಚೂರುಗಳು ಮಾತ್ರ ಸುಲಭಕ್ಕೆ ಸಿಗುವುದಿಲ್ಲ.