ಸಹಿಗೊಂದು ಪರೀಕ್ಷೆ

ಬೆಳಗಿನ ಏಳು ಗಂಟೆ. ಅಮೆರಿಕದ ಒಂದು ಊರಿನ ಜಾತ್ರೆ ಮೈದಾನದ ದೊಡ್ಡ ಸಭಾಂಗಣದ ಮುಂದೆ ನೂರಾರು ಜನ ಸಾಲುಗಟ್ಟಿದ್ದಾರೆ. ಕೆಲವರ ಕೈಯಲ್ಲಿ ಸೂಟ್‌ಕೇಸು, ಕೆಲವರ ಮುಂದೆ ತಳ್ಳುಗಾಡಿ. ಅವುಗಳ ತುಂಬ ಪುಸ್ತಕಗಳು. ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿದ ದಪ್ಪ ಕೈಪಿಡಿಗಳು, ಉಕ್ಕಿನ ಕೋಷ್ಟಕಗಳು, ಹೆದ್ದಾರಿಯ ನಿಯಮಾವಳಿಗಳು. ಸಾಲಿನಲ್ಲಿರುವವರೆಲ್ಲ ಪದವಿ ಪಡೆದು ವರ್ಷಗಟ್ಟಲೆ ಕೆಲಸ ಮಾಡಿದ ಎಂಜಿನಿಯರುಗಳು. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವರೂ ಉಂಟು, ತಲೆ ನರೆತವರೂ ಉಂಟು. ಎಲ್ಲರೂ ಮತ್ತೆ ವಿದ್ಯಾರ್ಥಿಗಳಂತೆ ಹಾಲ್‌ಟಿಕೆಟ್ ಹಿಡಿದು ಒಳಗೆ ಹೋಗಲು ಕಾಯುತ್ತಿದ್ದಾರೆ.

ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಈ ದೃಶ್ಯ ಆ ದೇಶದಲ್ಲಿ ದಶಕಗಳ ಕಾಲ ಸಾಮಾನ್ಯವಾಗಿತ್ತು. ‘ಪ್ರೊಫೆಷನಲ್ ಎಂಜಿನಿಯರ್’, ಚಿಕ್ಕದಾಗಿ ‘ಪಿಇ’ ಎಂಬ ಪರವಾನಗಿಗಾಗಿ ನಡೆಯುವ ಪರೀಕ್ಷೆ ಇದು. ಈ ಪರವಾನಗಿ ಇಲ್ಲದವರು ಸಾರ್ವಜನಿಕರು ಬಳಸುವ ಸೇತುವೆಯ, ಕಟ್ಟಡದ, ಅಣೆಕಟ್ಟಿನ ನಕಾಶೆಗೆ ಎಂಜಿನಿಯರೆಂದು ಸಹಿ ಮಾಡಿ ಮೊಹರು ಒತ್ತುವಂತಿಲ್ಲ. ಕಾಲೇಜಿನ ಪದವಿ ಕೈಯಲ್ಲಿರುವಾಗ ಮತ್ತೊಂದು ಪರೀಕ್ಷೆ ಏಕೆ? ಉತ್ತರ ಸಿಗಬೇಕಾದರೆ ಕಾಲುವೆ, ಅಣೆಕಟ್ಟು ಮತ್ತು ಒಂದು ಶಾಲೆಯ ಕಥೆಗಳನ್ನು ನೋಡಬೇಕು.

ಮೊದಲು ಬಂದವರು ಮೋಜಣಿದಾರರು

ಅಮೆರಿಕದಲ್ಲಿ ಅರ್ಹತೆ ತೋರಿಸಿ ಅಧಿಕಾರ ಪಡೆಯುವ ಪದ್ಧತಿ ಎಂಜಿನಿಯರುಗಳಿಗಿಂತ ಮೊದಲೇ ಸರ್ವೆಯರುಗಳಿಗೆ ಬಂದಿತ್ತು. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿಗೆ 1693ರ ಸನ್ನದು ಸರ್ವೆಯರ್ ಜನರಲ್ ಹುದ್ದೆಯ ಅಧಿಕಾರವನ್ನೂ ಕೊಟ್ಟಿತ್ತು. ಆ ಕಾಲೇಜಿನಿಂದ 1749ರಲ್ಲಿ ಕಲ್ಪೆಪರ್ ಕೌಂಟಿಯ ಮೋಜಣಿದಾರನಾಗಿ ನೇಮಕ ಪಡೆದ 17 ವರ್ಷದ ಹುಡುಗನ ಹೆಸರು ಜಾರ್ಜ್ ವಾಷಿಂಗ್ಟನ್. ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ ಕೂಡ 1830ರ ದಶಕದಲ್ಲಿ ಇಲಿನಾಯ್ ಪ್ರಾಂತದಲ್ಲಿ ಪುಸ್ತಕ ಓದಿಕೊಂಡು ಸರಪಳಿ ಹಿಡಿದು ಹೊಲ ಅಳೆದವನೇ.

ಜಮೀನಿನ ಅಳತೆ ತಪ್ಪಿದರೆ ಎರಡು ಮನೆತನಗಳು ತಲೆಮಾರುಗಟ್ಟಲೆ ಕೋರ್ಟಿಗೆ ಅಲೆಯುತ್ತವೆ. ಬಾಂದುಕಲ್ಲು ಒಂದು ಅಡಿ ಸರಿದದ್ದಕ್ಕೆ ಆದ ಜಗಳಗಳು ಕರ್ನಾಟಕದ ಯಾವ ಹಳ್ಳಿಗೂ ಹೊಸತಲ್ಲ. ಆದುದರಿಂದ ಅಳೆಯುವವನು ಯಾರು, ಅವನ ಮಾತಿಗೆ ಬೆಲೆ ಎಷ್ಟು ಎಂಬ ಪ್ರಶ್ನೆ ಬೇಗನೆ ಹುಟ್ಟಿತು. ಸೇತುವೆ ಕಟ್ಟುವವನ ಬಗ್ಗೆ ಅದೇ ಪ್ರಶ್ನೆ ಕೇಳಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ವ್ಯೋಮಿಂಗಿನ ನಕಾಶೆಗಳು

ಎಂಜಿನಿಯರ್ ಪರವಾನಗಿಯ ಮೊದಲ ಕಾಯ್ದೆ ಬಂದದ್ದು ನ್ಯೂಯಾರ್ಕಿನಂಥ ಮಹಾನಗರದ ಸೀಮೆಯಲ್ಲಿ ಅಲ್ಲ, ಮಳೆ ಕಡಿಮೆಯಿರುವ, ದನಗಾಹಿಗಳ ವ್ಯೋಮಿಂಗ್ ರಾಜ್ಯದಲ್ಲಿ, 1907ರಲ್ಲಿ. ಅಲ್ಲಿ ನೀರು ಸರಕಾರದ ಸ್ವತ್ತು. ಹೊಳೆಯಿಂದ ಕಾಲುವೆ ತೆಗೆಯಬೇಕೆಂದರೆ ರೈತ ರಾಜ್ಯದ ಎಂಜಿನಿಯರಿಗೆ ಅರ್ಜಿ ಹಾಕಿ, ಜೊತೆಗೆ ನಕಾಶೆ ಲಗತ್ತಿಸಬೇಕಿತ್ತು. ಆ ಹುದ್ದೆಯಲ್ಲಿದ್ದ ಕ್ಲಾರೆನ್ಸ್ ಜಾನ್ಸ್‌ಟನ್ ಎಂಬವರು ಬಂದ ನಕಾಶೆಗಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತರು. ವಕೀಲರು, ನೋಟರಿಗಳು, ಯಾರೆಂದರೆ ಅವರು ಗೆರೆ ಎಳೆದು ಕೆಳಗೆ ‘ಎಂಜಿನಿಯರ್’ ಎಂದು ಸಹಿ ಹಾಕಿ ಕಳಿಸುತ್ತಿದ್ದರು. ನೀರು ವಿರಳವಾದ ನಾಡಿನಲ್ಲಿ ತಪ್ಪು ನಕಾಶೆಯೆಂದರೆ ಒಬ್ಬನ ಪಾಲಿನ ನೀರು ಇನ್ನೊಬ್ಬನ ಪಾಲಾಗುವುದು.

ಹೀಗೆ ಎಂಜಿನಿಯರುಗಳೂ ಸರ್ವೆಯರುಗಳೂ ಪರವಾನಗಿ ಪಡೆಯಬೇಕೆಂಬ ಕಾಯ್ದೆ ಬಂತು. ಅದೇ ವರ್ಷ ಮೊದಲ ಪರವಾನಗಿ ಪಡೆದವರು 52 ವರ್ಷದ ಚಾರ್ಲ್ಸ್ ಬೆಲ್ಲಮಿ. ಇವರ ಪತ್ನಿ ಮೇರಿ ಬೆಲ್ಲಮಿ 1910ರಲ್ಲಿ ವ್ಯೋಮಿಂಗ್ ಶಾಸನಸಭೆಗೆ ಆಯ್ಕೆಯಾದ ಮೊದಲ ಮಹಿಳೆ. ಕಾಯ್ದೆ ಬಂದ ಕೆಲವೇ ತಿಂಗಳುಗಳಲ್ಲಿ ಕಚೇರಿಗೆ ಬರುವ ನಕಾಶೆಗಳ ಗುಣಮಟ್ಟ ಆಶ್ಚರ್ಯವಾಗುವಷ್ಟು ಬದಲಾಯಿತೆಂದು ಜಾನ್ಸ್‌ಟನ್ ದಾಖಲಿಸಿದರು.

ಮರುವರ್ಷ ಲೂಸಿಯಾನ ರಾಜ್ಯ ಅದೇ ದಾರಿ ಹಿಡಿಯಿತು. ಉಳಿದವು ಅಷ್ಟು ಅವಸರ ತೋರಲಿಲ್ಲ. ಅನೇಕ ಕಡೆ ಕಾಯ್ದೆ ಬರಲು ಹೆಣಗಳು ಸಾಲಾಗಬೇಕಾಯಿತು.

ಒಂದು ರಾತ್ರಿ, ಒಂದು ಅಣೆಕಟ್ಟು

ವಿಲಿಯಂ ಮುಲ್‌ಹಾಲಂಡ್ ಐರ್ಲೆಂಡಿನಿಂದ ಬಂದ ಬಡ ಹುಡುಗ. ಲಾಸ್ ಏಂಜಲೀಸಿನಲ್ಲಿ ಕಾಲುವೆಯ ಹೂಳು ತೆಗೆಯುವ ಕೆಲಸಕ್ಕೆ ಸೇರಿ, ರಾತ್ರಿ ಪುಸ್ತಕ ಓದಿ ತಾನಾಗಿಯೇ ಎಂಜಿನಿಯರಿಂಗ್ ಕಲಿತು ನಗರದ ನೀರು ಸರಬರಾಜಿನ ಮುಖ್ಯಸ್ಥನಾದವನು. 1913ರಲ್ಲಿ ಸುಮಾರು 375 ಕಿಲೋಮೀಟರು ದೂರದಿಂದ ನಗರಕ್ಕೆ ನೀರು ತಂದ ಅವನನ್ನು ಜನ ಭಗೀರಥನಂತೆ ಕಂಡರು. ಅವನ ಮಾತಿಗೆ ಎದುರು ಹೇಳುವವರಿರಲಿಲ್ಲ.

ನಗರದ ಉತ್ತರಕ್ಕೆ ಕಣಿವೆಯೊಂದರಲ್ಲಿ ಅವನ ಯೋಜನೆಯಂತೆ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು 1926ರಲ್ಲಿ ಮುಗಿಯಿತು. ಕಟ್ಟುವಾಗಲೇ ಎರಡು ಸಲ ಅದರ ಎತ್ತರವನ್ನು ಹತ್ತತ್ತು ಅಡಿ ಹೆಚ್ಚಿಸಲಾಗಿತ್ತು. ಆದರೆ ತಳವನ್ನು ಅದಕ್ಕೆ ತಕ್ಕಂತೆ ಅಗಲಿಸಲಿಲ್ಲ. 1928ರ ಮಾರ್ಚ್ 12ರ ಬೆಳಿಗ್ಗೆ ಕಾವಲುಗಾರ ಹೊಸ ಸೋರಿಕೆ ಕಂಡು ಕಳವಳದಿಂದ ಫೋನು ಮಾಡಿದ. ಮುಲ್‌ಹಾಲಂಡ್ ತಾನೇ ಬಂದು ನೋಡಿ, ಭಯವಿಲ್ಲ ಎಂದು ಹೇಳಿ ಮರಳಿದ. ಸುಮಾರು ಹನ್ನೆರಡು ಗಂಟೆಗಳ ಬಳಿಕ, ನಡುರಾತ್ರಿಗೆ ಮೂರು ನಿಮಿಷ ಇರುವಾಗ, ಅಣೆಕಟ್ಟು ಒಡೆಯಿತು. ನೀರು ಸುಮಾರು 87 ಕಿಲೋಮೀಟರು ಹರಿದು ಬೆಳಗಿನ ಜಾವ ಸಮುದ್ರ ಸೇರಿತು. ದಾರಿಯಲ್ಲಿ 400ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಫೋನು ಮಾಡಿದ ಕಾವಲುಗಾರನೂ ಅವನ ಮಗುವೂ ಅವರಲ್ಲಿ ಸೇರಿದ್ದರು.

ವಿಚಾರಣೆಯಲ್ಲಿ ಮುಲ್‌ಹಾಲಂಡ್ ಬೇರೆ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹೊಣೆ ತನ್ನದೇ ಎಂದ. ಸತ್ತವರೇ ಪುಣ್ಯವಂತರು ಎಂಬರ್ಥದ ಮಾತಾಡಿದ. ಪಂಚರ ತೀರ್ಪಿನ ಸಾರ ಇಷ್ಟು: ಒಬ್ಬ ವ್ಯಕ್ತಿ ಎಷ್ಟೇ ದೊಡ್ಡವನಾಗಿರಲಿ, ಇಂಥ ಅಣೆಕಟ್ಟಿನ ಭವಿಷ್ಯವನ್ನು ಅವನೊಬ್ಬನ ತೀರ್ಮಾನಕ್ಕೆ ಬಿಡಬಾರದು. ಮರುವರ್ಷ, 1929ರಲ್ಲಿ, ಕ್ಯಾಲಿಫೋರ್ನಿಯಾ ಸಿವಿಲ್ ಎಂಜಿನಿಯರುಗಳ ನೋಂದಣಿ ಕಾಯ್ದೆಯನ್ನೂ ಅಣೆಕಟ್ಟುಗಳ ಮೇಲೆ ರಾಜ್ಯದ ತಪಾಸಣೆಯನ್ನೂ ತಂದಿತು.

ಇಲ್ಲೊಂದು ಯೋಚಿಸಬೇಕಾದ ಸಂಗತಿ ಇದೆ. ಅಣೆಕಟ್ಟಿನ ಪೂರ್ವದಂಡೆ ಬಹು ಹಿಂದೆ ಜಾರಿದ ಬೆಟ್ಟದ ರಾಶಿಯ ಮೇಲೆ ನಿಂತಿತ್ತೆಂದು ದಶಕಗಳ ನಂತರದ ಭೂವೈಜ್ಞಾನಿಕ ಅಧ್ಯಯನಗಳು ತೋರಿಸಿವೆ. ಆ ಕಾಲದ ಪದವೀಧರರಿಗೂ ಅದು ಗೊತ್ತಾಗುತ್ತಿತ್ತೆಂದು ಹೇಳುವುದು ಕಷ್ಟ. ಹಾಗಿದ್ದಲ್ಲಿ ಪರೀಕ್ಷೆಯಿಂದ ಏನು ಪ್ರಯೋಜನವಾಗುತ್ತಿತ್ತು ಎಂದು ಯಾರಾದರೂ ಕೇಳಬಹುದು. ಕಾಯ್ದೆಯ ಉತ್ತರವೂ ಅದರಲ್ಲೇ ಇದೆ. ಒಬ್ಬನ ಖ್ಯಾತಿಯನ್ನೇ ಪ್ರಮಾಣವೆಂದು ನಂಬುವ ಬದಲು, ಎಲ್ಲರಿಗೂ ಒಂದೇ ಅಳತೆಗೋಲು, ಪ್ರತಿ ನಕಾಶೆಗೂ ಒಂದು ಹೆಸರು, ಅದರ ಮೇಲೆ ಎರಡನೆಯ ಕಣ್ಣು. ಪರವಾನಗಿ ಕೊಡುವುದು ಇಷ್ಟನ್ನೇ.

ಟೆಕ್ಸಾಸಿನ ಪಾಠ ಇನ್ನೂ ಕಠೋರ. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ನೈಸರ್ಗಿಕ ಅನಿಲ ನೆಲದಡಿ ತುಂಬಿಕೊಂಡು, ಯಂತ್ರವೊಂದರ ಕಿಡಿಗೆ ಸ್ಫೋಟಿಸಿತು. ಸತ್ತವರು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಇಲ್ಲದ್ದರಿಂದ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಬೇಕೆಂಬ ನಿಯಮವೂ ಎಂಜಿನಿಯರುಗಳ ಪರವಾನಗಿ ಕಾಯ್ದೆಯೂ ಅದೇ ವರ್ಷ ಅಲ್ಲಿ ಜಾರಿಗೆ ಬಂದವು. ಅಂದಿನ 48 ರಾಜ್ಯಗಳ ಪೈಕಿ ಕೊನೆಯದಾಗಿ 1947ರಲ್ಲಿ ಮೊಂಟಾನ ಕಾಯ್ದೆ ಮಾಡಿತು.

ಪ್ರಶ್ನೆಗೆ ಆರು ನಿಮಿಷ

ಆರಂಭದಲ್ಲಿ ಆಗಲೇ ವೃತ್ತಿಯಲ್ಲಿದ್ದವರಿಗೆ ಅನುಭವ ನೋಡಿ ಪರವಾನಗಿ ಕೊಡುತ್ತಿದ್ದರು. ಪರೀಕ್ಷೆ ಇದ್ದಲ್ಲಿ ರಾಜ್ಯಕ್ಕೊಂದು ಬಗೆ. 1920ರಲ್ಲಿ ರಾಜ್ಯಮಂಡಳಿಗಳು ಒಂದು ಒಕ್ಕೂಟ ಕಟ್ಟಿಕೊಂಡವು. ದೇಶಕ್ಕೆಲ್ಲ ಒಂದೇ ಬಗೆಯ ಪ್ರಶ್ನೆಪತ್ರಿಕೆಗಳು ಬಂದದ್ದು 1960ರ ದಶಕದ ನಡುವಿನಲ್ಲಿ.

ದಾರಿಯಲ್ಲಿ ಮೆಟ್ಟಿಲುಗಳು ಹಲವು. ಕಾಲೇಜು ಮುಗಿಯುವ ಹೊತ್ತಿಗೆ ಗಣಿತ, ಭೌತಶಾಸ್ತ್ರ, ಯಂತ್ರಶಾಸ್ತ್ರಗಳ ಮೂಲತತ್ವಗಳ ಮೇಲೆ ಮೊದಲ ಪರೀಕ್ಷೆ. ಪಾಸಾದವರು ‘ತರಬೇತಿಯಲ್ಲಿರುವ ಎಂಜಿನಿಯರ್’. ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ ಪರವಾನಗಿ ಉಳ್ಳವರ ಕೈಕೆಳಗೆ ದುಡಿಮೆ, ಹಿರಿಯರ ಶಿಫಾರಸು ಪತ್ರಗಳು. ಕೊನೆಯದಾಗಿ ಎಂಟು ಗಂಟೆಗಳ ‘ಪಿಇ’ ಪರೀಕ್ಷೆ.

ಸಿವಿಲ್ ವಿಭಾಗದಲ್ಲಿ ಬೆಳಿಗ್ಗೆ ನಾಲ್ಕು ಗಂಟೆ, 40 ಪ್ರಶ್ನೆ. ಮಧ್ಯಾಹ್ನ ನಾಲ್ಕು ಗಂಟೆ, 40 ಪ್ರಶ್ನೆ. ಲೆಕ್ಕ ಹಾಕಿದರೆ ಪ್ರಶ್ನೆಗೆ ಆರು ನಿಮಿಷ. ಪುಸ್ತಕ ನೋಡಿ ಬರೆಯಬಹುದೆಂದು ಕೇಳಿದವರಿಗೆ ಇದು ಸುಲಭವೆನಿಸೀತು. ಆದರೆ ಆರು ನಿಮಿಷದಲ್ಲಿ ಯಾವ ಪುಸ್ತಕದ ಯಾವ ಪುಟ ಎಂದು ತಿಳಿಯದವನಿಗೆ ತಳ್ಳುಗಾಡಿ ತುಂಬ ಪುಸ್ತಕವಿದ್ದರೂ ಉಪಯೋಗವಿಲ್ಲ. ಬಣ್ಣದ ಚೀಟಿಗಳ ಗುಟ್ಟು ಇದೇ. ಒಂದು ಕೋಷ್ಟಕ ಹುಡುಕುವಾಗ ಪಕ್ಕದವನ ಪುಟಗಳ ಸರಸರ ಸದ್ದು ಕಿವಿಗೆ ಬೀಳುತ್ತದೆ, ಎದೆ ಡವಗುಟ್ಟುತ್ತದೆ. ಊಟದ ಬಿಡುವಿನಲ್ಲಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಫಲಿತಾಂಶಕ್ಕೆ ಎರಡು ತಿಂಗಳವರೆಗೂ ಕಾಯಬೇಕಿತ್ತು. ಪಾಸಾದವರಿಗೆ ಅಂಕ ತಿಳಿಸುವುದಿಲ್ಲ, ಪಾಸು ಎಂದಷ್ಟೇ. ರ‍್ಯಾಂಕಿನ ಮಾತೇ ಇಲ್ಲ.

2022ರಿಂದ ಸಿವಿಲ್ ಪರೀಕ್ಷೆಯೂ ಕಂಪ್ಯೂಟರಿಗೆ ಬಂತು. ಪುಸ್ತಕದ ಗಾಡಿಗಳು ಮಾಯವಾದವು. ಪರದೆಯ ಮೇಲೆ ಕೊಟ್ಟ ಆಕರಗಳಷ್ಟೇ ಆಧಾರ. ಪ್ರಶ್ನೆಗಳ ಸಂಖ್ಯೆ, ಎಂಟು ಗಂಟೆಗಳ ಅವಧಿ ಹಾಗೆಯೇ ಉಳಿದಿವೆ. ಸರ್ವೆಯರುಗಳ ಪರೀಕ್ಷೆ ಇದಕ್ಕೂ ಮುಂಚೆಯೇ ಕಂಪ್ಯೂಟರ್ ಸೇರಿತ್ತು. ಅದರಲ್ಲಿ ಕೋನ, ದೂರದ ಲೆಕ್ಕಗಳಷ್ಟೇ ತೂಕ ಕಾನೂನಿಗೂ ಇದೆ. ಹಳೆಯ ಪತ್ರದಲ್ಲಿ ಬರೆದ ಅಳತೆ ಒಂದು, ನೆಲದಲ್ಲಿ ಹೂತ ಮೂಲ ಕಲ್ಲು ಇರುವುದು ಇನ್ನೊಂದು ಕಡೆ ಎಂದಾದರೆ ಸಾಮಾನ್ಯವಾಗಿ ಕಲ್ಲಿನ ಮಾತೇ ಮೇಲು. ಮೊದಲು ಅಳೆದವನ ಹೆಜ್ಜೆಜಾಡು ಹಿಡಿದು ನಡೆಯುವುದೇ ಈಗ ಅಳೆಯುವವನ ಧರ್ಮ.

ಹಗ್ಗಕ್ಕೆ ಜೋತವರು

ಮೊಹರಿನ ಬೆಲೆ ಎಷ್ಟೆಂಬುದನ್ನು 1981ರ ಜುಲೈ 17ರ ಸಂಜೆ ತೋರಿಸಿತು. ಮಿಸೂರಿ ರಾಜ್ಯದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ಸಭಾಂಗಣದಲ್ಲಿ ನೃತ್ಯ ಕಾರ್ಯಕ್ರಮ. ಮೇಲೆ ಉಕ್ಕಿನ ಸರಳುಗಳಿಗೆ ತೂಗುಬಿಟ್ಟ ಎರಡು ಕಾಲುದಾರಿಗಳು, ಒಂದರ ಕೆಳಗೊಂದು. ಮೊದಲ ನಕಾಶೆಯಲ್ಲಿ ಒಂದೇ ಉದ್ದ ಸರಳು ಎರಡನ್ನೂ ಹೊರಬೇಕಿತ್ತು. ಅದನ್ನು ಜೋಡಿಸುವುದು ಕಷ್ಟವೆಂದು ಎರಡು ತುಂಡು ಸರಳುಗಳಾಗಿ ಬದಲಿಸಿ, ಕೆಳಗಿನದನ್ನು ಮೇಲಿನದಕ್ಕೆ ನೇತುಹಾಕಲಾಯಿತು. ಇಬ್ಬರು ಒಂದೇ ಹಗ್ಗವನ್ನು ಬೇರೆ ಬೇರೆಯಾಗಿ ಹಿಡಿದು ಜೋತಾಡುವುದು ಬೇರೆ. ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ಜೋತಾಡುವುದು ಬೇರೆ. ಮೇಲಿನವನ ಕೈಗೆ ಭಾರ ಎರಡರಷ್ಟು. ಕಾಲುದಾರಿಗಳು ಕುಸಿದು 114 ಜನ ಸತ್ತರು.

ಬದಲಾದ ನಕಾಶೆಯ ಮೇಲೆ ಎಂಜಿನಿಯರನ ಮೊಹರು ಇತ್ತು. ಸರಳು ಬದಲಿಸಿದ್ದು ಯಾರ ಸಲಹೆ, ಲೆಕ್ಕ ನೋಡಬೇಕಾದವರು ಯಾರು ಎಂದು ವಾದಗಳು ನಡೆದವು. ವಿನ್ಯಾಸದ ಹೊಣೆ ಹೊತ್ತ ಇಬ್ಬರು ಎಂಜಿನಿಯರುಗಳು ಕೊನೆಗೆ ಮಿಸೂರಿಯ ಪರವಾನಗಿ ಕಳೆದುಕೊಂಡರು. ಇಬ್ಬರೂ ಅರ್ಹತೆ ಪಡೆದವರೇ ಆಗಿದ್ದರು. ಪರೀಕ್ಷೆ ಎಚ್ಚರಗೇಡಿತನವನ್ನು ತಡೆಯಲಾರದು. ಆದರೆ ಮೊಹರು ಇದ್ದುದರಿಂದಲೇ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು.

ಈ ಕಡೆಯ ಕಥೆ

ಭಾರತದಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಬೇರೆ ಹಾದಿಯಲ್ಲಿ ಬೆಳೆಯಿತು. 1883ರಲ್ಲಿ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಓದಿ ಮೊದಲ ಸ್ಥಾನದಲ್ಲಿ ಪಾಸಾದ ಪರೀಕ್ಷೆಯ ಹೆಸರು ಎಲ್‌ಸಿಇ, ಅಂದರೆ ‘ಲೈಸೆನ್ಷಿಯೇಟ್’. ಹೆಸರಿನಲ್ಲೇ ಪರವಾನಗಿ ಇತ್ತು. ಆದರೆ ಅದು ತೆರೆದದ್ದು ಸರಕಾರಿ ಹುದ್ದೆಯ ಬಾಗಿಲನ್ನು. ಮರುವರ್ಷ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಹೊಣೆಗಾರಿಕೆ ಇಲಾಖೆಯ ಶಿಸ್ತಿನೊಳಗೆ ಇತ್ತು. ಖಾಸಗಿ ಕಟ್ಟಡಗಳು ಮುಗಿಲಿಗೇರತೊಡಗಿದ ಮೇಲೆ ಆ ಶಿಸ್ತಿನ ಹೊರಗೆ ದೊಡ್ಡ ಬಯಲು ಉಳಿಯಿತು. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಹಳಬರಿಗೆ ನೆನಪಿದೆ. ವಾಸ್ತುಶಿಲ್ಪಿಗಳಿಗೆ 1972ರಲ್ಲಿ ಕೇಂದ್ರ ಕಾಯ್ದೆ ಬಂತು. ಎಂಜಿನಿಯರುಗಳಿಗೂ ಬೇಕೆಂಬ ಬೇಡಿಕೆ ದಶಕಗಳದು, ಕರಡುಗಳೂ ಸಿದ್ಧವಾಗಿವೆ.

ಕರ್ನಾಟಕದ ಕಾಲೇಜುಗಳಲ್ಲಿ ಓದಿ ಅಮೆರಿಕ ಸೇರಿದ ಸಿವಿಲ್ ಎಂಜಿನಿಯರುಗಳು ಈ ಪರೀಕ್ಷೆಯನ್ನು ಚೆನ್ನಾಗಿ ಬಲ್ಲರು. ಮೊದಲು ಇಲ್ಲಿನ ಪದವಿ ಅಲ್ಲಿನದಕ್ಕೆ ಸಮವೆಂದು ತೋರಿಸಬೇಕು. ಮೀಟರು, ಕಿಲೋ ನ್ಯೂಟನ್ನುಗಳಲ್ಲಿ ಕಲಿತ ಲೆಕ್ಕವನ್ನು ಅಡಿ, ಪೌಂಡು, ಸಾವಿರ ಪೌಂಡಿನ ‘ಕಿಪ್’ಗಳಲ್ಲಿ ಮತ್ತೆ ಕಲಿಯಬೇಕು. ಕೆಲಸ, ಸಂಸಾರದ ನಡುವೆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಓದಬೇಕು. ಒಮ್ಮೆಗೆ ಆಗದೆ ಮತ್ತೆ ಕೂತವರೂ ಇದ್ದಾರೆ.

ಇಷ್ಟೆಲ್ಲ ಆದ ಮೇಲೆ ಕೈಗೆ ಬರುವುದು ಅಂಗೈ ಅಗಲದ ಮೊಹರು: ಒಂದು ಹೆಸರು, ಒಂದು ಸಂಖ್ಯೆ, ರಾಜ್ಯದ ಹೆಸರು. ಅದನ್ನು ಒತ್ತಿದ ನಕಾಶೆಯನ್ನು ಜನ ನೋಡುವುದಿಲ್ಲ. ಅವರು ಸೇತುವೆ ದಾಟುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಅಣೆಕಟ್ಟಿನ ಕೆಳಗೆ ನಿದ್ದೆ ಮಾಡುತ್ತಾರೆ.