ಎರಡು ರಿಜಿಸ್ಟರು, ಒಬ್ಬಳೇ ಬಸುರಿ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಗೆ ಒಂದು ಕಾಲಕ್ಕೆ ಇಬ್ಬರು ಆರೋಗ್ಯ ನೌಕರರು ಬೇರೆ ಬೇರೆ ದಿನ ಬರುತ್ತಿದ್ದರು. ಗಾಜಿನ ಪಟ್ಟಿ, ಸೂಜಿ ಹಿಡಿದು ‘ಜ್ವರ ಯಾರಿಗೈತ್ರೀ?’ ಎಂದು ಮನೆಮನೆ ಕೇಳುತ್ತಿದ್ದ ಆರೋಗ್ಯ ಸಹಾಯಕ ಒಬ್ಬ. ಧನುರ್ವಾಯು ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ತರುತ್ತಿದ್ದ ನರ್ಸಬಾಯಿ ಇನ್ನೊಬ್ಬಳು. ಜ್ವರ ಅವನ ರಿಜಿಸ್ಟರಿಗೆ, ಬಸಿರು ಇವಳ ರಿಜಿಸ್ಟರಿಗೆ. ಜ್ವರ ಬಂದ ಬಸುರಿ ಎರಡರ ನಡುವೆ ಜಾರಿಹೋಗುವುದು ಸುಲಭವಿತ್ತು.

ಇವುಗಳಲ್ಲಿ ಮಲೇರಿಯಾದ ರಿಜಿಸ್ಟರೇ ಹಳೆಯದು. 1940ರ ದಶಕದಲ್ಲಿ ಡಿ.ಕೆ. ವಿಶ್ವನಾಥನ್ ಮುಂಬಯಿ ಪ್ರಾಂತ್ಯದ ಧಾರವಾಡ, ಕಾರವಾರ ಸೀಮೆಯಲ್ಲಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಜ್ವರ ತಗ್ಗಿಸಿದರು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ನಿರ್ಮೂಲನೆಯ ಘೋಷಣೆಯೂ ಆಯಿತು. ಅದಾಗಿ ಎರಡು ದಶಕ ತುಂಬುವ ಮೊದಲೇ, 1976ರಲ್ಲಿ, ದೇಶದ ಪ್ರಕರಣಗಳು 64 ಲಕ್ಷ ದಾಟಿದ್ದವು. ಗರ್ಭಿಣಿಯರ ತಪಾಸಣೆಯಾದರೋ ಬಹುಕಾಲ ಕುಟುಂಬ ಯೋಜನೆಯ ನೆರಳಿನಲ್ಲೇ ಇತ್ತು. ಸಂತಾನಹರಣ ಆಪರೇಷನ್ನಿನ ‘ಟಾರ್ಗೆಟ್’ ಕೈಬಿಟ್ಟದ್ದು 1996ರಲ್ಲಿ.

ಬಸುರಿಯ ಮಲೇರಿಯಾ ಬರೀ ಜ್ವರವಲ್ಲ. ಫಾಲ್ಸಿಪಾರಂ ರೋಗಾಣು ಹೊಕ್ಕ ರಕ್ತಕಣಗಳು ಮಾಸಿಗೇ ಹೋಗಿ ಅಂಟಿಕೊಳ್ಳುತ್ತವೆ. ತಾಯಿಯ ರಕ್ತ ಇಳಿಯುತ್ತದೆ, ಕೂಸಿನ ತೂಕವೂ ಕುಸಿಯುತ್ತದೆ. ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು 45% ಮಂದಿಗೆ ಮೊದಲೇ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ. ಔಷಧದಲ್ಲೂ ತೊಡಕುಗಳಿವೆ. ಇನ್ನೊಂದು ಬಗೆಯ ಮಲೇರಿಯಾ ವೈವಾಕ್ಸ್‌ಗೆ ಕ್ಲೋರೋಕ್ವಿನ್ ಕೊಡಬಹುದು, ಆದರೆ ಯಕೃತ್ತಿನಲ್ಲಿ ಅಡಗಿದ ರೋಗಾಣುವನ್ನು ಕೊಲ್ಲುವ ಪ್ರಿಮಾಕ್ವಿನ್ ಬಸುರಿಗೆ ವರ್ಜ್ಯ. ಹಾಗಾಗಿ ಜ್ವರ ಮರುಕಳಿಸೀತೆಂದು ಹೆರಿಗೆಯವರೆಗೂ ಕಣ್ಣಿಟ್ಟಿರಬೇಕು. ಫಾಲ್ಸಿಪಾರಂಗೆ ಮೊದಲ ಮೂರು ತಿಂಗಳು ಕ್ವಿನೈನ್, ಆಮೇಲೆ ಆರ್ಟಿಮಿಸಿನಿನ್ ಸಂಯೋಜನೆ ಎಂಬುದು ಭಾರತ ಪಾಲಿಸುತ್ತ ಬಂದ ನಿಯಮ. ಮೊದಲ ಮೂರು ತಿಂಗಳಲ್ಲೂ ಆರ್ಟಿಮೀಥರ್-ಲ್ಯುಮೆಫ್ಯಾಂಟ್ರಿನ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2022ರಲ್ಲಿ. ಆಫ್ರಿಕಾದಲ್ಲಿ ಜ್ವರವಿಲ್ಲದ ಗರ್ಭಿಣಿಗೂ ಮುಂಜಾಗ್ರತೆಯ ಮಾತ್ರೆ ಕೊಡುವ ಪದ್ಧತಿ ಇದೆ, ಇಲ್ಲಿ ಇಲ್ಲ. ಇಲ್ಲಿ ಎಲ್ಲವೂ ನಿಂತಿರುವುದು ಜ್ವರವನ್ನು ಬೇಗ ಹಿಡಿಯುವುದರ ಮೇಲೆ.

2005ರ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಗರ್ಭಿಣಿ-ಬಾಣಂತಿಯರಿಗೆಂದು ತಾಯಿ ಕಾರ್ಡ್, ಮಡಿಲು ಕಿಟ್, ತಾಯಿ ಭಾಗ್ಯ ಯೋಜನೆಗಳು ಒಂದರ ಹಿಂದೊಂದು ಬಂದವು. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆ 2005–06ರಲ್ಲಿ ಸುಮಾರು 65% ಇದ್ದದ್ದು 2019–21ಕ್ಕೆ 97% ಮುಟ್ಟಿತು. ಬಾಗಲಕೋಟೆಗೆ ಸಂಶೋಧನೆಯೂ ಬಂತು. 2014–16ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಸೇರಿ ‘ಕ್ಲಿಪ್’ ಅಧ್ಯಯನ ನಡೆಸಿದವು: ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಬಿ.ಪಿ. ನೋಡಿ, ಮೊಬೈಲ್ ಆ್ಯಪ್ ನೆರವಿನಿಂದ ಅಪಾಯ ಅಳೆದರು. ತಾಯಿ-ಮಗುವಿನ ಸಾವು, ತೀವ್ರ ಕಾಯಿಲೆಗಳು ಒಟ್ಟಾರೆ ಇಳಿದದ್ದು ಕಾಣಲಿಲ್ಲ. ಆದರೂ ಬಸುರಿಯ ಬಾಗಿಲಿಗೆ ಹೋಗಿ ತಪಾಸಣೆ ಮಾಡಲು ಊರ ಹೆಣ್ಣುಮಗಳಿಗೇ ಕಲಿಸಬಹುದೆಂಬುದು ಕಂಡಿತು. ಅದೇನು ಸಣ್ಣದಲ್ಲ.

ಈಗ ಮಲೇರಿಯಾ ತಗ್ಗಿದೆ. ಹೊಸ ಅಪಾಯ ಇರುವುದು ಅಲ್ಲೇ, ಏಕೆಂದರೆ ಅಪರೂಪವಾದ ರೋಗವನ್ನು ಯಾರೂ ಮೊದಲು ನೆನೆಯುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಹೊಂಡದಲ್ಲಿ ಮಳೆನೀರು ನಿಲ್ಲುವುದು ತಪ್ಪಿಲ್ಲ, ದಿನಗಟ್ಟಲೆ ತೊಟ್ಟಿಯಲ್ಲಿ ನೀರು ಕೂಡಿಡುವ ಮನೆಗಳೂ ಇವೆ. ಅದಕ್ಕಿಂತ ದೊಡ್ಡ ದಾರಿ ಗುಳೆಯದು. ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುತ್ತಾರೆ. ಎರಡೂ ಕಡೆ ಕಟ್ಟಡ ಕಾರ್ಮಿಕರನ್ನು ಮಲೇರಿಯಾ ಬಹುವರ್ಷ ಕಾಡಿದೆ. ನರ್ಸಬಾಯಿ ತಾಯಿ ಕಾರ್ಡ್ ಬಿಡಿಸಿ ಬಿ.ಪಿ., ತೂಕ, ರಕ್ತದ ಪ್ರಮಾಣ ಬರೆದುಕೊಳ್ಳುವಾಗ, ‘ಕಳೆದ ತಿಂಗಳು ಎಲ್ಲಿದ್ರವ್ವಾ, ಜ್ವರ ಬಂದಿತ್ತೇನು?’ ಎಂಬ ಪ್ರಶ್ನೆಯನ್ನೂ ಕೇಳುವಂತಾಗಬೇಕು. ಆಶಾಳ ಚೀಲದಲ್ಲಿ ಕ್ಷಿಪ್ರ ಪರೀಕ್ಷಾ ಕಿಟ್ ಇದ್ದರೆ ಅರ್ಧ ಗಂಟೆಯೊಳಗೆ ಉತ್ತರ ಸಿಗುತ್ತದೆ.

ಮನೆಯಲ್ಲಿ ಬಸುರಿಗೆ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿಸಿ ಕಾಯಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.